ನಿಂಗಪ್ಪನ ಹೆಸರಿನ ಹೆಣ

ದೆವ್ವ ಕಂಡೆ ಎಂದು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬಹಳ ಪ್ರೀತಿ. ನಂಬುತ್ತಿದ್ದೆ ಎಂದಲ್ಲ. ನಮ್ಮೂರಲ್ಲಿ ದೆವ್ವ ಕಂಡವರಲ್ಲಿ ಅರ್ಧ ಜನಕ್ಕೆ ಕಾಣಿಸಿಕೊಂಡವನು ನಾನೇ. ಯಾರ ದನಿಯನ್ನಾದರೂ ಹಾಗೆಯೇ ತೆಗೆಯುವ ಕಲೆ ನನಗೆ ಹುಟ್ಟಿನಿಂದ ಬಂದಿತ್ತು. ತೀರಿಹೋದ ಒಬ್ಬ ಗೌಡತಿಯ ದನಿಯಲ್ಲಿ ಹುಣಸೆಮರದ ಮೇಲಿಂದ ಎಲೆಅಡಿಕೆ ಕೇಳಿ, ಆಕೆಯ ಗಂಡನನ್ನು ಬರಿಗಾಲಲ್ಲಿ ಆಳಂದದ ತನಕ ಓಡಿಸಿದ್ದೆ. ಆಳಂದದ ತನಕ ಎಂದದ್ದು ಸ್ವಲ್ಪ ಹೆಚ್ಚಾಯಿತು, ಊರ ಅಗಸಿ ಬಾಗಿಲ ತನಕ ಅನ್ನಿ. ಇಂಥವನು ಹೇಳುವುದನ್ನು ನೀವು ನಂಬಲೇಬೇಕು ಎಂದು ನಾನು ಹಟ ಮಾಡುವುದಿಲ್ಲ. ನಮ್ಮೂರವರೂ ನಂಬಲಿಲ್ಲ.

ಆಗ ನಮ್ಮ ಸೀಮೆಯೆಲ್ಲ ನಿಜಾಮನ ರಾಜ್ಯ. ನಮ್ಮೂರು ಆಳಂದದಿಂದ ಹಿರೋಳ್ಳಿಗೆ ಹೋಗುವ ದಾರಿಯ ಮೇಲಿದೆ. ಒಂದು ಬೇಸಿಗೆಯಲ್ಲಿ ಊರ ಹೊರಗಿನ ಪಾಳು ಬಾವಿಯಲ್ಲಿ ಹೆಣವೊಂದು ತೇಲಿತು. ಗಂಡಸಿನ ಹೆಣ. ನೀರಲ್ಲಿ ಎಷ್ಟು ದಿನ ಇತ್ತೋ, ಮುಖದ ಗುರುತು ಹತ್ತುವಂತಿರಲಿಲ್ಲ.

ಹೆಸರಿಲ್ಲದ ಹೆಣ ಸಿಕ್ಕಿತೆಂದರೆ ಊರಿಗೆ ಊರೇ ಸಿಕ್ಕಿಬಿದ್ದ ಹಾಗೆ. ಆಳಂದದಿಂದ ಪೊಲೀಸ್ ಅಮೀನರು ಬಂದು, ಹೆಸರು ಸಿಗುವ ತನಕ ಚಾವಡಿಯಲ್ಲಿ ಠಿಕಾಣಿ ಹೂಡುತ್ತಿದ್ದರು. ಅವರ ಕುದುರೆಗೆ ಮೇವು, ಜವಾನರಿಗೆ ಕೋಳಿ, ಎಲ್ಲರಿಗೂ ಬಿಟ್ಟಿ ಚಾಕರಿ, ಜೊತೆಗೆ ಗಂಡಸರೆಲ್ಲ ಸಾಲು ನಿಂತು ಕೊಡಬೇಕಾದ ಜವಾಬು. ಪಕ್ಕದೂರಲ್ಲಿ ಹೀಗೇ ಆಗಿ, ಅಮೀನರು ಹೊರಡುವ ಹೊತ್ತಿಗೆ ಅಲ್ಲಿ ಕೋಳಿಯ ವಂಶವೇ ನಿರ್ವಂಶವಾಗಿತ್ತು. ಅದಕ್ಕೇ ನಮ್ಮ ಕಡೆ ಹಿರಿಯರು ಒಂದು ಪದ್ಧತಿ ಮಾಡಿಕೊಂಡಿದ್ದರು. ಅಮೀನರು ಬರುವ ಮೊದಲೇ ಹೆಣಕ್ಕೆ ಒಂದು ಹೆಸರು ಇಟ್ಟುಬಿಡುವುದು. ಬಾವಿಯ ದಂಡೆಯ ಮೇಲೆ ನಿಂತ ನಮ್ಮ ಪೊಲೀಸ್ ಪಾಟೀಲರು ಇವನು ಯಾರು ಎಂದು ಕೇಳಲಿಲ್ಲ.

"ಸದ್ಯ ಊರಾಗ ಯಾರಿಲ್ಲ?" ಎಂದು ಕೇಳಿದರು.

ಊರಲ್ಲಿ ಇಲ್ಲದವನು ನಿಂಗಪ್ಪ. ಗಿರಣಿಯಲ್ಲಿ ಕೆಲಸ ಸಿಗುತ್ತದೆಂದು ಸೋಲಾಪುರಕ್ಕೆ ಹೋಗಿದ್ದ, ಹೋದಮೇಲೆ ಸುದ್ದಿ ಇರಲಿಲ್ಲ. ಸೋಲಾಪುರಕ್ಕೆ ಹೋದವನು ನಮ್ಮೂರ ಬಾವಿಗೆ ಹೇಗೆ ಬಂದ ಎಂದರೆ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಗಿ ತಿರುಗಿ ಬಂದಿರಬೇಕು, ನೀರು ಕುಡಿಯಲು ಬಗ್ಗಿರಬೇಕು, ಜಾರಿರಬೇಕು. ಎಲ್ಲರೂ ತಲೆಯಾಡಿಸಿದರು. ಹಿಂದೆ ನಿಂತು ಪಾಟೀಲರ ಕೆಮ್ಮನ್ನು ಅಣಕಿಸುತ್ತಿದ್ದ ನಾನೂ ಆಡಿಸಿದೆ. ನನಗೂ ಅವನು ನಿಂಗಪ್ಪನೇ ಅನ್ನಿಸಿತ್ತು.

ಒಪ್ಪದವಳು ಒಬ್ಬಳೇ, ನಿಂಗಪ್ಪನ ಹೆಂಡತಿ ನೀಲವ್ವ. ಓಡಿ ಬಂದವಳು ಹೆಣದ ಕಾಲ ಕಡೆ ಕೂತು ಬಹಳ ಹೊತ್ತು ನೋಡಿ, ಇವರು ನಮ್ಮವರಲ್ಲ ಎಂದಳು.

"ಹ್ಯಾಂಗ ಹೇಳ್ತಿ ಬೇ?" ಎಂದರು ಪಾಟೀಲರು.

"ಹ್ಯಾಂಗ ಅಂದ್ರ? ನನ್ನ ಗಂಡ ನನಗ ಗೊತ್ತಾಗಂಗಿಲ್ಲೇನ್ರಿ?"

ದುಃಖದಲ್ಲಿ ಹೆಂಗಸರು ಹಾಗೆಯೇ ಅನ್ನುತ್ತಾರೆ ಎಂದು ಹಿರಿಯರು ತೀರ್ಮಾನಿಸಿದರು. ಸಂಜೆ ಅಮೀನರು ಬಂದು ಪಂಚನಾಮೆ ಮುಗಿಸಿದ ಮೇಲೆ ಹೊತ್ತು ಮುಳುಗುವುದರೊಳಗೆ ಮಣ್ಣು, ಅಲ್ಲೇ ಗುಂಡಿಯ ಹತ್ತಿರ ನೀಲವ್ವನ ಬಳೆ ಒಡೆಯುವುದು ಎಂದು ಗೊತ್ತಾಯಿತು. ನೀಲವ್ವನಿಗೆ ಇನ್ನೂ ಇಪ್ಪತ್ತೂ ದಾಟಿರಲಿಲ್ಲ.

ಹೆಣ ನೋಡಿ ಸಾಕ್ಷಿ ಹಾಕಬೇಕಾದ ಪಂಚರಲ್ಲಿ ನಾನೂ ಒಬ್ಬ. ನನಗೆ ನಾಲ್ಕಕ್ಷರ ಉರ್ದು ಬರುತ್ತಿತ್ತು ಎಂಬುದೇ ಕಾರಣ. ನನ್ನ ಉರ್ದು ಎಂಥದೆಂದರೆ, ಕಳೆದುಹೋದ ಎಮ್ಮೆಯ ಬಗ್ಗೆ ನಾನು ಬರೆದ ಅರ್ಜಿ ಓದಿ ಕಚೇರಿಯವರು ಮಾಲಕನೇ ಕಳೆದುಹೋಗಿದ್ದಾನೆ, ಎಮ್ಮೆ ದೂರು ಕೊಟ್ಟಿದೆ ಎಂದು ತಿಳಿದಿದ್ದರು.

ಹೆಣವನ್ನು ಚಾವಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಬಾಗಿಲಿಗೆ ಬೀಗ ಹಾಕಿ ಅರಗಿನ ಮೊಹರು ಒತ್ತಬೇಕಿತ್ತು. ವಾಸನೆಗೆಂದು ನನ್ನ ಕೈಯಲ್ಲಿ ಲೋಬಾನದ ಹೊಗೆ ಕೊಟ್ಟು ಒಳಗೆ ಕಳಿಸಿದರು. ಶೂರನ ಹಾಗೆ ಹೋದೆ. ಮೂಲೆಯಲ್ಲಿದ್ದ ಹಳೆಯ ಕಣಜದ ಹಿಂದೆ ಬಗ್ಗಿ, ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ಕಕ್ಕಿದೆ. ಬಾಯಿ ಒರೆಸಿಕೊಂಡು ತಿರುಗಿದರೆ ಬಾಗಿಲು ಮುಚ್ಚಿತ್ತು, ಸಂದಿಯಿಂದ ಸುಟ್ಟ ಅರಗಿನ ವಾಸನೆ ಬರುತ್ತಿತ್ತು.

ಕೂಗಿಕೊಂಡೆ. ಹೊರಗೆ ನಗೆ ಎದ್ದಿತು. ನಾನು ಎಲ್ಲೋ ಹೊರಗೇ ಅಡಗಿ, ಒಳಗಿಂದ ಬಂದಂತೆ ದನಿ ತೆಗೆಯುತ್ತಿದ್ದೇನೆ ಎಂದುಕೊಂಡರು. ಗೋಡೆಯ ಹಿಂದೆ, ಮಾಳಿಗೆಯ ಮೇಲೆ ಹುಡುಕಿ ನಾನು ಸಿಗದಿದ್ದಾಗ ಪಾಟೀಲರು ಬಾಗಿಲ ಹತ್ತಿರ ಬಂದರು.

"ಮಗನ, ಖರೇನ ಒಳಗದೀಯೇನು?"

"ಅದೇನ್ರಿ ಪಾಟೀಲರ. ತಗೀರಿ ಬಾಗ್ಲಾ."

"ಸರ್ಕಾರಿ ಮೊಹರ ಬಿದ್ದದ. ಒಡದ್ರ ನನ್ನ ಕೈಗೆ ಬೇಡಿ. ಅಮೀನ ಸಾಹೇಬ್ರು ಸಂಜಿಗಿ ಬರ್ತಾರ, ಕುಂಡ್ರು."

"ಹೆಣದ ಜೋಡೀನ್ರಿ?"

"ಅದೇನು ನಿನ್ನ ಕಡೀತದೇನು?"

ತಳವಾರ ಯಲ್ಲಪ್ಪನನ್ನು ಬಾಗಿಲಿಗೆ ಕಾವಲು ಕೂರಿಸಿ ಎಲ್ಲರೂ ಊಟಕ್ಕೆ ಹೋದರು.

ಕೋಣೆಗೆ ಕಿಟಕಿ ಇರಲಿಲ್ಲ. ಮೇಲೆ ಒಂದು ಬೆಳಕಿಂಡಿ, ಅದರಲ್ಲಿ ನನ್ನ ಕೈಯೂ ತೂರುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಾಳಿಗೆ ಕಾದು ಹಂಚಾಯಿತು. ನಾನೇ ತಂದ ಹೊಗೆ ನನ್ನನ್ನೇ ಉಸಿರುಗಟ್ಟಿಸಿತು. ಬಾಗಿಲು ಜಗ್ಗಿದೆ, ಗೋಡೆ ಕೆರೆದೆ, ಯಲ್ಲಪ್ಪನಿಗೆ ಕೈಮುಗಿದೆ. ಮುಚ್ಚಿದ ಬಾಗಿಲಾಚೆ ಇದ್ದವನಿಗೆ ಕೈಮುಗಿದದ್ದು ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಕೋಣೆಯಲ್ಲಿ ಹೆಣವೊಂದನ್ನು ಬಿಟ್ಟು ಬೇರೇನೂ ಇಲ್ಲ ಎಂದು ಪಾಟೀಲರು ಮೊಹರು ಒತ್ತುವ ಮೊದಲೇ ಪಂಚನಾಮೆಯಲ್ಲಿ ಬರೆಸಿಟ್ಟಿದ್ದರು. ಸರ್ಕಾರದ ಪ್ರಕಾರ ನಾನು ಹೊರಗಿದ್ದೆ. ಇವತ್ತು ಅಮೀನರು ಬರದಿದ್ದರೆ? ನಾಳೆಯೂ ಬರದಿದ್ದರೆ? ಹೊರಗಿದ್ದವನನ್ನು ಹೊರಗೆ ತರಲು ಯಾರು ಬರುತ್ತಾರೆ?

ಹೆದರಿಕೆ ಮೀರಿದಾಗ ನನ್ನ ನಾಲಿಗೆ ತಾನಾಗಿಯೇ ಓಡುತ್ತದೆ. ಹೆಣವನ್ನೇ ಮಾತಿಗೆಳೆದೆ. ಏನೋ ನಿಂಗಪ್ಪ, ಸೋಲಾಪುರದ ಗಿರಣಿ ಅಂದಿ, ಪಾಳು ಬಾವಿ ಯಾಕೆ ಹೊಕ್ಕಿ, ಅಲ್ಲಿ ಪಗಾರ ಜಾಸ್ತಿಯೇನು ಎಂದು ಕೇಳಿದೆ. ನಿನ್ನ ಹೆಂಡತಿ ನಿನ್ನನ್ನು ಗುರುತೇ ಹಿಡಿಯಲಿಲ್ಲವಲ್ಲೋ ಎಂದು ಬೈದೆ. ಅಷ್ಟರಲ್ಲಿ ಮತ್ತೆ ಹೊಟ್ಟೆ ತೊಳಸಿ ಬಂತು. ತಡೆಯಲು ರುಮಾಲಿನ ಚುಂಗನ್ನು ಗಂಟಲ ತನಕ ತುರುಕಿಕೊಂಡು ಗೋಡೆಗೆ ಒರಗಿ ಕೂತೆ. ಆಗ ಕೇಳಿಸಿತು.

"ನಾ ನಿಂಗಪ್ಪ ಅಲ್ರಿ."

ಏರಿದ ದನಿಯಲ್ಲ. ಸಂತೆಯಲ್ಲಿ ಯಾರೋ ತಪ್ಪು ಹೆಸರಿನಿಂದ ಕರೆದರೆ ನಾವು ತಿರುಗಿ ಹೇಳುತ್ತೇವಲ್ಲ, ಹಾಗೆ. ಸ್ವಲ್ಪ ದಣಿದಿತ್ತು. ಕಂಬಳಿಯೊಳಗಿಂದ ಬಂತು ಎನ್ನಲಾರೆ, ಕಂಬಳಿ ಅಲುಗಾಡಲಿಲ್ಲ. ಬಾಗಿಲ ಕಡೆಯಿಂದಲೂ ಅಲ್ಲ. ಬಾಗಿಲ ಕಡೆಯಿಂದ ಬಂದದ್ದು ಯಲ್ಲಪ್ಪನ ದನಿ.

"ಯಾರ ಜೋಡಿ ಮಾತಾಡಾಕತ್ತಿ ತಮ್ಮಾ?"

ನಾನು ರುಮಾಲು ಕಿತ್ತು ಕಿರುಚತೊಡಗಿದೆ. ನಾನು ಕಿರುಚುವಾಗ ಆ ದನಿ ಇನ್ನೂ ಏನೋ ಹೇಳುತ್ತಿತ್ತು ಅನ್ನಿಸುತ್ತದೆ. ನನ್ನ ಗದ್ದಲದಲ್ಲಿ ಅದು ನನಗೂ ಕೇಳಲಿಲ್ಲ, ಯಲ್ಲಪ್ಪನಿಗೂ ಕೇಳಲಿಲ್ಲ.

ಅಮೀನರು ಬಂದು ಮೊಹರು ಒಡೆದಾಗ ಅವರ ಬೂಟಿನ ಮೇಲೆಯೇ ಬಿದ್ದು, ಇವನು ನಿಂಗಪ್ಪನಲ್ಲ ಎಂದೆ. ಯಾರು ಹೇಳಿದರು ಎಂದು ಕೇಳಿದರು. ಇವನೇ ಹೇಳಿದ ಎಂದು ಕಂಬಳಿಯ ಕಡೆ ಕೈ ತೋರಿಸಿದೆ. ಜವಾನರು ಬಿದ್ದು ಬಿದ್ದು ನಕ್ಕರು. ಅಮೀನರು ನಗಲಿಲ್ಲ. ಅವರಿಗೂ ಊರಿಗೆ ತಿರುಗುವ ಆತುರ.

"ನಿಂಗಪ್ಪ ಅಲ್ಲಂದ್ರ ಯಾರು? ಹೆಸರು ಹೇಳು, ಬರೀತೇನಿ."

ಅವನು ಹೆಸರು ಹೇಳಿದ್ದರೂ ಅದು ನನ್ನ ಕಿರುಚಾಟದಲ್ಲೇ ಮುಳುಗಿಹೋಗಿತ್ತು. ಇವನು ನಮ್ಮೂರ ಸೋಗಿನವನು, ದನಿ ತೆಗೆಯುವುದೇ ಇವನ ಕಸುಬು ಎಂದು ಪಾಟೀಲರು ತಿಳಿಸಿದರು. ನಾನೂ ಕೇಳಿದೆ ಎಂದು ಯಲ್ಲಪ್ಪ ಬಾಯಿ ತೆರೆದ. ಪಾಟೀಲರು ಅವನ ಕಡೆ ನೋಡಿದ ಮೇಲೆ, ತೂಕಡಿಸಿದ್ದೆನೋ ಏನೋ ಎಂದ. ಊರವರೆಲ್ಲ ತಮ್ಮ ಕೋಳಿಗಳನ್ನು ನಾನೇ ಹಿಡಿದು ಕೊಡುತ್ತಿದ್ದೇನೆ ಎಂಬಂತೆ ನನ್ನನ್ನು ದುರುಗುಟ್ಟಿದರು. ತಲೆ ಕೆಟ್ಟವನೆಂದು ನನ್ನ ಹೆಸರನ್ನು ಪಂಚರಿಂದ ಹೊಡೆದುಹಾಕಿ, ಅಂದು ಮಧ್ಯಾಹ್ನ ತಾನೇ ಅಫಜಲಪುರದಿಂದ ಬಂದಿಳಿದಿದ್ದ ಪಾಟೀಲರ ಭಾವಮೈದುನನ ಹೆಬ್ಬೆಟ್ಟು ಒತ್ತಿಸಿಕೊಂಡರು. ಆತ ಹೆಣವನ್ನೂ ನೋಡಿರಲಿಲ್ಲ, ನಿಂಗಪ್ಪನನ್ನೂ ನೋಡಿರಲಿಲ್ಲ.

ಗುಂಡಿಯ ಹತ್ತಿರ ಇಬ್ಬರು ಮುದುಕಿಯರು ನೀಲವ್ವನ ಕೈ ಹಿಡಿದು ಕಲ್ಲಿನ ಮುಂದೆ ಕೂರಿಸಿದ್ದರು. ಸುದ್ದಿ ಅವಳ ಕಿವಿಗೂ ಮುಟ್ಟಿತ್ತು. ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದಳು.

"ತಮ್ಮಾ, ಆ ದನಿ ನೀ ತಗದದ್ದೇನು? ನಗಚಾಟಕಿ ಮಾಡಿದ್ರ ಈಗ ಹೇಳಿಬಿಡು."

ಎಲ್ಲರೂ ನನ್ನ ಬಾಯಿ ನೋಡಿದರು. ಹೌದು, ನಾನೇ ಎಂದರೆ ಊರು ಬಚಾವು, ನಾನೂ ಬಚಾವು. ಆ ಕೋಣೆಯಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು ಇಕ್ಕಟ್ಟಿನಲ್ಲಿ ಇಲ್ಲಿ ಸಿಕ್ಕಿದ್ದೆ.

"ನಾ ಅಲ್ರಿ ವೈನಿ," ಎಂದೆ.

ನೀಲವ್ವ ಎರಡೂ ಕೈ ಕಿತ್ತುಕೊಂಡು ಎದ್ದಳು. ಬಳೆ ತುಂಬಿದ ಕೈಯಲ್ಲೇ ಮನೆಗೆ ನಡೆದಳು. ಹಿಂದೆ ಹೆಣಕ್ಕೆ ಮಣ್ಣು ಬಿತ್ತು. ಅಂದಿನಿಂದ ಅವಳ ಕೈಯ ನೀರು ಯಾರೂ ಕುಡಿಯಲಿಲ್ಲ. ಗಂಡ ಸತ್ತು ಬಳೆ ಇಟ್ಟವಳೆಂದು ಮುಖ ತಿರುಗಿಸಿದರು.

ಮಳೆಗಾಲ ಹಿಡಿಯುವ ಮೊದಲು ನಿಂಗಪ್ಪ ತಗಡಿನ ಟ್ರಂಕು ಹೊತ್ತು ಸೋಲಾಪುರದಿಂದ ಬಂದ. ಪಾಟೀಲರು ಅವನನ್ನು ಅಗಸಿಯಲ್ಲೇ ತಡೆದು, ಬರೋದಿತ್ತಂದ್ರ ಮೊದಲ ಬರಬಾರದೇನಲೇ ಎಂದು ಬೈದರಂತೆ. ಕಾಗದ ತಿದ್ದಬೇಕಾದರೆ ಅಮೀನರು ತಪ್ಪು ಒಪ್ಪಬೇಕು. ಅವರಿಗೆ ಅಷ್ಟರಲ್ಲಿ ಜೇವರ್ಗಿಗೆ ಬಡ್ತಿಯ ಮೇಲೆ ವರ್ಗವಾಗಿತ್ತು. ಹೀಗಾಗಿ ದಫ್ತರದಲ್ಲಿ ನಿಂಗಪ್ಪ ಸತ್ತೇ ಇದ್ದಾನೆ, ಮನೆಯಲ್ಲಿ ಅವನಿಗೆ ಎರಡು ಮಕ್ಕಳು. ಗುಂಡಿಯಲ್ಲಿರುವವನು ಹಾಗಾದರೆ ಯಾರು ಎಂದು ಯಾವ ಅಧಿಕಾರಿಯೂ ಇಂದಿನ ತನಕ ಕೇಳಿಲ್ಲ.

ನಾನು ಬೇರೆ ಬೇರೆ ರೀತಿಯಲ್ಲಿ ಯೋಚಿಸಿ ನೋಡಿದ್ದೇನೆ. ನನಗೆ ಅರಿವಿಲ್ಲದೆ ನನ್ನ ಗಂಟಲೇ ಆ ದನಿ ತೆಗೆಯಿತೆಂದರೆ, ಬಾಯಲ್ಲಿ ರುಮಾಲಿತ್ತು. ಅದೇ ರುಮಾಲು ತುರುಕಿಕೊಂಡು ಮನೆಯಲ್ಲಿ ಪ್ರಯತ್ನಿಸಿದೆ. ಮೇಕೆಯ ದನಿ ಬಿಟ್ಟು ಬೇರೇನೂ ಹೊರಡಲಿಲ್ಲ. ಅದೂ ಇರಲಿ, ಅವನು ನಿಂಗಪ್ಪನಲ್ಲ ಎಂಬ ಗುಮಾನಿಯೇ ನನಗಿರಲಿಲ್ಲವಲ್ಲ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಮರ ಹತ್ತುವುದನ್ನು ಬಿಟ್ಟಿದ್ದೇನೆ.

ನೀಲವ್ವ ಅಮಾವಾಸ್ಯೆಗೊಮ್ಮೆ ಆ ಗುಂಡಿಗೆ ಎಡೆ ಒಯ್ಯುತ್ತಾಳೆ. ನಿಂಗಪ್ಪ ಬೇಡ ಎನ್ನುವುದಿಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ರೊಟ್ಟಿ, ಪಲ್ಯ ಇಟ್ಟಳು, ಸುತ್ತ ನೀರು ಬಿಟ್ಟಳು. ಎಡೆ ಇಟ್ಟಮೇಲೆ ಸತ್ತವರನ್ನು ಹೆಸರು ಹಿಡಿದು ಉಣ್ಣಲು ಕರೆಯುವುದು ನಮ್ಮಲ್ಲಿ ರೂಢಿ. ಅವಳು ಕರೆಯಲು ಬಾಯಿ ತೆರೆದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು.