ಡಬ್ಬಾ ಟಿವಿಗೆ ನೆಟ್ ತಂದ ನಸ್ರೀನ

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಸ್ರೀನಳ ಅಂಗಡಿ ಇದೆ. ಬೋರ್ಡಿನ ಮೇಲೆ ಈಗಲೂ ‘ರೇಡಿಯೊ, ಟೇಪ್ ರಿಪೇರಿ’ ಎಂದೇ ಇದೆ. ಅವಳ ಅಪ್ಪ ಖಾದರಸಾಬ ಬರೆಸಿದ್ದು. ಹೊಸದು ಬರೆಸು ಎಂದು ಯಾರಾದರೂ ಹೇಳಿದರೆ ಅವಳು ನಗುತ್ತಾಳೆ. “ಮಂದಿ ನನ್ನ ನೋಡಿ ಬರ್ತಾರ್ರಿ. ಬೋರ್ಡ್ ಓದಿ ಬಂದವರು ಬರೇ ರೇಡಿಯೊ ತರ್ತಾರ.”

ಗೋಡೆಗೆ ಅಂಟಿಕೊಂಡಂತಿರುವ ಹೊಸ ಟಿವಿಗಳಿಗೆ ನೆಟ್ ಜೋಡಿಸುವವರು ಬೇಕಾದಷ್ಟು ಜನ ಇದ್ದಾರೆ. ನಸ್ರೀನಳ ಹೆಸರು ಅಫಜಲಪುರ, ಜೇವರ್ಗಿಯ ತನಕ ಹೋಗಿರುವುದು ಹಳೆಯ ಡಬ್ಬಾ ಟಿವಿಗಳಿಂದ. ಅವುಗಳ ಬೆನ್ನಿನಲ್ಲಿ ಇರುವುದು ಹಳದಿ, ಬಿಳಿ, ಕೆಂಪು, ಮೂರೇ ದುಂಡು ತೂತು. ನೆಟ್ಟಿನಿಂದ ಚಿತ್ರ ತರುವ ಈಗಿನ ಪೆಟ್ಟಿಗೆಯದೋ ಒಂದೇ ಚಪ್ಪಟೆ ಪಿನ್ನು. ಇವೆರಡರ ನಡುವೆ ಅವಳು ಬೆಂಕಿಪೊಟ್ಟಣದಷ್ಟು ಒಂದು ಕನ್ವರ್ಟರ್ ಕೂರಿಸುತ್ತಾಳೆ. “ಒಬ್ಬರ ಮಾತು ಒಬ್ಬರಿಗೆ ತಿಳಿಯಂಗಿಲ್ರಿ. ಇದು ನಡುವಿನ ದಲಾಲ,” ಎಂದು ಮನೆಯವರಿಗೆ ವಿವರಿಸುತ್ತಾಳೆ.

ಅವಳಿಗೆ ಎರಡು ಹಟಗಳು. ಯಾವ ಟಿವಿಯನ್ನೂ ಸತ್ತಿದೆ ಎನ್ನುವುದಿಲ್ಲ, ‘ಮಲಗೇದ’ ಎನ್ನುತ್ತಾಳೆ. ಏನು ಕೆಟ್ಟರೂ ಮೊದಲು ತನ್ನ ಕೈಕೆಲಸವನ್ನೇ ಅನುಮಾನಿಸುತ್ತಾಳೆ, ಮನೆಯವರನ್ನು ಆಮೇಲೆ. ಎರಡನೆಯ ಗುಣವನ್ನು ಊರೆಲ್ಲ ಹೊಗಳುತ್ತದೆ. ಮಾದನಹಿಪ್ಪರಗಾದಲ್ಲಿ ಒಂದು ಬೆಳಿಗ್ಗೆ ಮಾತ್ರ ಅದೇ ಗುಣ ಅವಳ ಮಾನ ಕಳೆಯುವುದರಲ್ಲಿತ್ತು.

ಅಲ್ಲಿಯ ಮಹಾನಂದಾಳ ಮಗಳು ಪಂಚಶೀಲಾಗೆ ಅಂದು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ. ಎಂಟು ದಿನದ ಹಿಂದೆಯಷ್ಟೇ ಮಹಾನಂದಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಗಂಡ ದೇವೀಂದ್ರಪ್ಪ, ಫೋಟೊ ತೆಗೆಯಬೇಕೆಂದು ಮನೆಯ ಒಂದೇ ದೊಡ್ಡ ಫೋನನ್ನು ಹಿಡಿದುಕೊಂಡು ಮಗಳ ಜೊತೆ ಹೋಗಿದ್ದ. ಸಮಾರಂಭದ ನೇರಪ್ರಸಾರ ನೆಟ್ಟಿನಲ್ಲಿತ್ತು, ಪದಕ ಕೊಡುವುದು ಹನ್ನೊಂದಕ್ಕೆ. ತಾಯಿ ಅದನ್ನು ಕಾಣಬೇಕಾದದ್ದು ಮನೆಯ ಡಬ್ಬಾ ಟಿವಿಯಲ್ಲೇ.

“ಹನ್ನೊಂದಕ್ಕ ಕಾಣ್ತಾಳೇನು?” ಎಂದು, ನೆಟ್ ಜೋಡಿಸಲು ಬಂದ ನಸ್ರೀನಳನ್ನು ಕೇಳಿದಳು ಮಹಾನಂದಾ.

“ಕಾಣಲಿಲ್ಲಂದ್ರ ನಾ ಈ ಊರಿಗೆ ಮತ್ತ ಬರಂಗಿಲ್ಲಕ್ಕ,” ಎಂದುಬಿಟ್ಟಳು ನಸ್ರೀನ. ಆ ಊರಲ್ಲಿ ಅವಳು ಇನ್ನೂ ಆರು ಟಿವಿಯ ಕೆಲಸ ಒಪ್ಪಿಕೊಂಡಿದ್ದಳು.

ಗಾಳಿಯಲ್ಲಿ ನೆಟ್ ಹರಡುವ ರೂಟರನ್ನು ಒಳಕೋಣೆಯ ಗೋಡೆಯ ಗೂಡಿನಲ್ಲಿಟ್ಟು, ಪಡಸಾಲೆಯ ಟಿವಿಗೆ ಕನ್ವರ್ಟರ್ ಜೋಡಿಸಿದಳು. ಚಿತ್ರ ಬಂತು, ಕಪ್ಪುಬಿಳುಪಾಗಿ.

“ಬಣ್ಣ ಎಲ್ಲಿ ಹೋತು ಬೇ? ಬರೂತ ಆಳಂದದಾಗೇ ಮರ್ತು ಬಂದಿಯೇನು?” ಎಂದಳು ಪಕ್ಕದ ಮನೆಯ ಶರಣಬಸಮ್ಮ. ಯಾರ ಮನೆಯಲ್ಲಿ ಏನು ನಡೆದರೂ ಮೊದಲ ಸಾಲಿನಲ್ಲಿ ಕೂರುವುದು ಅವಳ ಹಕ್ಕು.

ನಸ್ರೀನ ಕನ್ವರ್ಟರಿನ ಪಕ್ಕದ ಸಣ್ಣ ಗುಂಡಿಯನ್ನು ಅತ್ತ ಸರಿಸಿದಳು. ಬಣ್ಣ ಬಂತು. ಖಾಲಿ ವೇದಿಕೆ, ಖಾಲಿ ಕುರ್ಚಿ. ಅಷ್ಟನ್ನೇ ನೋಡಲು ಓಣಿಯ ಹೆಂಗಸರೆಲ್ಲ ಬಂದು ಕೂತರು. ಕುರ್ಚಿ ನೋಡಿ ಸಾಕಾದವರು ಒಳಗೆ ಹೋಗಿ, ಗೂಡಿನಲ್ಲಿ ಮಿನುಗುವ ಹಸಿರು ದೀಪಗಳನ್ನು ನೋಡಿ ಬಂದರು.

ಊಟ ಮಾಡದೆ ಹೊರಡಲು ಮಹಾನಂದಾ ಬಿಡಲಿಲ್ಲ. ನಸ್ರೀನ ಅಡುಗೆಮನೆಯಲ್ಲಿ ಎರಡನೇ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುತ್ತಿದ್ದಾಗ ಪಡಸಾಲೆಯಿಂದ ಕೂಗು ಬಂತು.

“ನಿಂತೇ ಬಿಡ್ತು ನೋಡ್ರಿ!”

ಓಡಿ ಬಂದರೆ, ಮೈಕಿನ ಮುಂದೆ ನಿಂತವರು ಬಾಯಿ ತೆರೆದವರು ಹಾಗೇ ಇದ್ದಾರೆ. ಅವರ ಮುಖದ ಮೇಲೆ ಒಂದು ಚಕ್ರ ಸುಮ್ಮನೆ ತಿರುಗುತ್ತಿದೆ. ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ.

ತನ್ನದೇ ತಪ್ಪು ಎಂದು ನಸ್ರೀನಳಿಗೆ ಖಾತ್ರಿಯಾಯಿತು. ಪಿನ್ನು ಕಿತ್ತು ಒರೆಸಿದಳು. ಕನ್ವರ್ಟರ್ ಬದಲಿಸಿದಳು. ಪೆಟ್ಟಿಗೆ ಆರಿಸಿ ಹಚ್ಚಿದಳು. ಚಕ್ರ ಬೇಸರವಿಲ್ಲದೆ ತಿರುಗಿತು. ಅವಳ ಸ್ವಂತ ಫೋನಿಗೆ ಆ ಮನೆಯಲ್ಲಿ ವಿಡಿಯೊ ಓಡುವಷ್ಟು ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಮಹಾನಂದಾ ಒಮ್ಮೆ ನಿಚ್ಚಣಿಕೆ ನೋಡಿದಳು, ಒಮ್ಮೆ ತನ್ನ ಕಾಲು ನೋಡಿದಳು.

“ಎಲ್ಲಿ ಹೋತು ಬೇ ನಿನ್ನ ನೆಟ್?” ಶರಣಬಸಮ್ಮ ಬಿಡಲಿಲ್ಲ. “ರೊಟ್ಟಿ ತಿನ್ನೂತನಕ ಇತ್ತು.”

ಹನ್ನೊಂದು ದಾಟಿ ಕಾಲು ಗಂಟೆಯಾಯಿತು. ತನ್ನ ಕೈಯ ತಪ್ಪುಗಳೆಲ್ಲ ಮುಗಿದ ಮೇಲೆ ನಸ್ರೀನ ಒಳಕೋಣೆಗೆ ಹೋದಳು. ಗೂಡು ಕಾಣಲಿಲ್ಲ. ಅದರ ಬಾಯಿಗೆ ಹಿಟ್ಟು ನಾದುವ ದೊಡ್ಡ ಹಿತ್ತಾಳೆ ಪರಾತವನ್ನು ಒತ್ತಿ ನಿಲ್ಲಿಸಿ, ಜಾರದಂತೆ ಜೋಳದ ಡಬ್ಬಿ ಆನಿಸಿತ್ತು. ಪರಾತದ ಅಂಚಿಗೆ ಒಂದು ಒಣಮೆಣಸಿನಕಾಯಿ.

“ಇದನ್ಯಾರು ಇಟ್ಟವರು?”

ಶರಣಬಸಮ್ಮನೇ ಬಾಯಿ ಬಿಟ್ಟಳು. “ಬಂದಾಕಿ ಬಂದಾಕಿ ದೀಪ ನೋಡಾಕತ್ತಿದ್ರವ್ವ. ಇಂಥಾ ದಿನ ದೃಷ್ಟಿ ಆಗಬಾರದು, ನದರ ಹತ್ತಬಾರದಂತ ಮುಚ್ಚಿದೆ.”

“ಅಮ್ಮಾರ, ನದರೂ ಒಳಗ ಹೋಗಲಿಲ್ಲ, ನೆಟ್ಟೂ ಹೊರಗ ಬರಲಿಲ್ಲ!”

ಪರಾತ ತೆಗೆದದ್ದೇ ತಡ, ಟಿವಿಯಲ್ಲಿ ಚಪ್ಪಾಳೆ ಕೇಳಿಸಿತು. ಯಾರೋ ಹುಡುಗ ಮೆಟ್ಟಿಲು ಇಳಿಯುತ್ತಿದ್ದ. ಕ್ಯಾಮೆರಾ ಮುಂದಿನ ಸಾಲಿಗೆ ಹೊರಳಿತು. ಅಲ್ಲಿ ಪಂಚಶೀಲಾ ಕೂತಿದ್ದಳು, ಕೊರಳಲ್ಲಿ ಆಗಲೇ ಪದಕ.

“ಆಕೀದು ಆಗೇ ಹೋತು,” ಎಂದಳು ಮಹಾನಂದಾ. ಯಾರನ್ನೂ ಬೈಯಲಿಲ್ಲ. ಸೆರಗನ್ನು ಪ್ಲಾಸ್ಟರಿನ ಮೇಲೆ ಎಳೆದುಕೊಂಡು, ಮುದುರಿಲ್ಲದ ಕಡೆಯೂ ಕೈಯಿಂದ ಸರಿಮಾಡತೊಡಗಿದಳು. ಶರಣಬಸಮ್ಮ ಮೊದಲ ಸಾಲು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು.

ನಸ್ರೀನ ರಿಮೋಟ್ ತಂದು ಮಹಾನಂದಾಳ ಕೈಯಲ್ಲಿಟ್ಟಳು. “ಅಕ್ಕ, ಇದು ಕೇಬಲ್ ಅಲ್ಲ, ನೆಟ್. ಹೋದದ್ದು ಹೊಳ್ಳಿ ಬರ್ತದ. ಈ ಎಡಗಡೆ ಬಾಣ ಒತ್ತರಿ.”

ಮಹಾನಂದಾ ಒತ್ತಿದಳು. ಇಳಿದ ಹುಡುಗ ಮತ್ತೆ ವೇದಿಕೆಯ ಮೇಲಿದ್ದ. ಇನ್ನೂ ಒತ್ತಿದಳು. ಪಂಚಶೀಲಾಳ ಹೆಸರು ಕೇಳಿಸಿತು. ಹುಡುಗಿ ಸೀರೆಯ ನೆರಿಗೆ ಹಿಡಿದು ಮೂರು ಮೆಟ್ಟಿಲು ಹತ್ತಿದಳು, ಕೊರಳು ಬಾಗಿಸಿದಳು, ಇಳಿದಳು. ಎಲ್ಲ ಸೇರಿ ಅರ್ಧ ನಿಮಿಷ. ತಾಯಿಯ ಹೆಬ್ಬೆರಳು ಮತ್ತೆ ಎಡಗಡೆಗೇ ಹೋಯಿತು.

ಎರಡನೇ ಸಲಕ್ಕೆ, “ನೆರಿಗಿ ಒಂದಿಷ್ಟು ಎತ್ತರ ಆಗೇದ,” ಎಂದಳು. ಮೂರನೇ ಸಲಕ್ಕೆ ಕಾಲು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ನಾಲ್ಕನೇ ಸಲಕ್ಕೆ, “ಅಲ್ಲೇ ಯಾಕ ನಿಂತೀರಿ? ಇಲ್ಲಿ ಬಂದು ನೋಡ್ರಿ,” ಎಂದು ಶರಣಬಸಮ್ಮನನ್ನು ಕರೆದಳು.

ಅಷ್ಟರಲ್ಲಿ ಮಹಾನಂದಾಳ ಗುಂಡಿ ಫೋನು ಬಡಿದುಕೊಂಡಿತು. ಪಂಚಶೀಲಾ.

“ಯವ್ವಾ, ಟಿವ್ಯಾಗ ಕಂಡ್ನೇನು?”

“ಕಂಡಿ ಬಿಡವ್ವ. ನೀ ಇಳಿದು ಹೋಗಿದ್ದಿ. ನಾವೇ ಹಿಂದಕ್ಕ ಕರದು ನಾಕು ಸಲ ಹತ್ತಿಸೀವಿ. ಕಾಲು ನೋಯಾಕತ್ತಿದ್ರ ನಮ್ಮನ್ನ ಬೈಬ್ಯಾಡ.”