ಮೆಟ್ಟಿಲ ಮೇಲಿನ ತೊಂಬತ್ತೆಂಟು

ನನ್ನ ಹೆಂಡತಿ ಮೆಟ್ಟಿಲ ಮಧ್ಯೆ ಕೂತುಬಿಡಲು ಶುರುಮಾಡಿದ್ದು ಅಕ್ಕ ನಮ್ಮ ಮನೆಗೆ ಬಂದ ಮೇಲೆ. ನನಗೆ ಅನುಮಾನ ಹುಟ್ಟಲು ಅಷ್ಟೇ ಸಾಕಾಯಿತು.

ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಖಾಲಿ ಇದ್ದದ್ದು ಮಹಡಿಯ ಕೋಣೆ ಒಂದೇ. ಹೇಗೋ ಹತ್ತಿಸಿ ಮಲಗಿಸಿದೆವು. ಕಾಫಿ, ತಿಂಡಿ, ಊಟ ಎಲ್ಲ ಮೇಲಕ್ಕೆ ಹೋಗಬೇಕು. ಒಯ್ಯುವವಳು ಹೆಂಡತಿ. ನಾನು ಕೆಳಗೆ ಪೇಪರ್ ಹಿಡಿದು ಕಿವಿಯನ್ನು ಮೆಟ್ಟಿಲ ಕಡೆ ಇಟ್ಟಿರುತ್ತಿದ್ದೆ. ಅರ್ಧಕ್ಕೆ ಹೆಜ್ಜೆ ಸದ್ದು ನಿಲ್ಲುತ್ತಿತ್ತು.

"ಏನೇ ಆಯ್ತು?"

"ಉಸಿರು ಸಾಲ್ತಿಲ್ಲ ರೀ."

ಗಾಂಧಿ ಬಜಾರಿಗೆ ಹೂವಿಗೆ ಹೋದಾಗಲೂ ಅವಳು ನಿಂತು ನಿಂತು ಬರುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಗಮನಿಸಿದ್ದು ಬೇರೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಸಾಕೆನ್ನುವವಳು ಅಡುಗೆಮನೆಯಲ್ಲಿ ಡಬ್ಬಿಗೆ ಕೈ ಹಾಕಿ ಹಸಿ ಅಕ್ಕಿ ಮುಕ್ಕುತ್ತಿದ್ದಳು. ನಾನು ಒಳಗೆ ಹೋದರೆ ಅಗಿಯುವುದನ್ನು ನಿಲ್ಲಿಸುತ್ತಿದ್ದಳು. ಹಸಿವಿದ್ದೂ ಇಲ್ಲವೆನ್ನುವವಳು ಉಸಿರಿದ್ದೂ ಇಲ್ಲವೆನ್ನಲಾರಳೇ?

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಬೀರುವಿನಲ್ಲಿತ್ತು. ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ ಎಷ್ಟೆಂದು ತೋರಿಸುವ, ಬಟ್ಟೆ ಕ್ಲಿಪ್ಪಿನಂಥ ಯಂತ್ರ. ಹೊಸ ಸೆಲ್ ಹಾಕಿದೆ. ಅದನ್ನೂ ನಂಬದೆ ಮೊದಲು ನನ್ನ ಬೆರಳಿಗೆ ಹಾಕಿ ನೋಡಿದೆ. ಇಷ್ಟೆಲ್ಲ ಮಾಡಿದ್ದು ಅವಳ ಆರೋಗ್ಯಕ್ಕೆಂದಲ್ಲ, ಅವಳನ್ನು ಹಿಡಿಯುವುದಕ್ಕೆ.

ಮರುದಿನ ಅವಳು ಕಾಫಿ ಒಯ್ದಾಗ ಹಿಂದೆಯೇ ಹತ್ತಿದೆ. ಕೋಣೆಯ ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದವಳ ಕೈ ಹಿಡಿದು ಕ್ಲಿಪ್ ಸಿಕ್ಕಿಸಿದೆ. ತೊಂಬತ್ತೆಂಟು. ನನ್ನದಕ್ಕಿಂತ ಜಾಸ್ತಿ!

"ನೋಡಕ್ಕ, ಉಸಿರಿಗೇನೂ ಆಗಿಲ್ಲ ಇವಳಿಗೆ. ನಿನ್ನ ಕೆಲಸ ಅಂದ್ರೆ ಮಾತ್ರ ನಾಟಕ."

ಹೆಂಡತಿ ಕ್ಲಿಪ್ಪನ್ನು ತಾನೇ ತೆಗೆದು ನನ್ನ ಕೈಗೆ ಕೊಟ್ಟಳು. ಅಕ್ಕ ನನ್ನ ಪರವಾಗಿ ಎರಡು ಮಾತಾಡುತ್ತಾಳೆ ಅಂದುಕೊಂಡಿದ್ದೆ.

"ಥೂ, ಆ ಮಷಿನ್ ಆಚೆ ಇಡೋ! ಇವಳ ಮುಖ ನೋಡಿದೀಯಾ? ಬಾರೇ ಇಲ್ಲಿ."

ಅಕ್ಕ ಅವಳನ್ನು ಮಂಚದ ಮೇಲೆ ಕೂರಿಸಿಕೊಂಡು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ಒಂಚೂರೂ ಕೆಂಪಿಲ್ಲ. ಅಕ್ಕಿ ತಿಂತಿದೀಯೇನೇ?"

ಹೆಂಡತಿ ಕಳ್ಳಿಯ ಹಾಗೆ ತಲೆ ತಗ್ಗಿಸಿದಳು.

"ನಮ್ಮಮ್ಮನೂ ಬಾಣಂತನ ಆದ್ಮೇಲೆ ಹಿಂಗೇ ತಿಂತಿದ್ಲು. ಇವಳಿಗೆ ರಕ್ತ ಇಲ್ಲ ಕಣೋ. ಡಾಕ್ಟರ್ ಹತ್ರ ಕರ್ಕೊಂಡ್ ಹೋಗು. ನನ್ನ ಕಾಫಿ ನೀನು ತಂದ್ರೆ ಸವೆದೋಗಲ್ಲ."

ಡಾಕ್ಟರ್ ಪರೀಕ್ಷೆ ಮಾಡಿದರೆ, ಹೊಟ್ಟೆಯೊಳಗಿನ ಹುಣ್ಣಿನಿಂದ ದಿನಾ ಸ್ವಲ್ಪ ಸ್ವಲ್ಪವೇ ರಕ್ತ ಹೋಗುತ್ತಿತ್ತಂತೆ. ಅಂದೇ ಆಸ್ಪತ್ರೆಗೆ ಸೇರಿಸಿ ರಕ್ತ ಕೊಟ್ಟರು. ಇನ್ನೂ ತಡಮಾಡಿದ್ದರೆ ಹೃದಯಕ್ಕೇ ಪೆಟ್ಟು ಎಂದರು. ಆಗಲೂ ನನ್ನ ಅನುಮಾನ ಬಿಡಲಿಲ್ಲ. ಡಾಕ್ಟರನ್ನು ಕೇಳಿದೆ, "ಮಷಿನ್‌ನಲ್ಲಿ ತೊಂಬತ್ತೆಂಟು ಬಂತಲ್ಲ ಸಾರ್?"

"ಮೆಜೆಸ್ಟಿಕ್‌ನಿಂದ ಬರೋ ಬಸ್ಸೆಲ್ಲ ತುಂಬಿದೆ ಅಂತ ಅದು ಹೇಳತ್ತೆ, ಯಜಮಾನ್ರೇ. ಎಷ್ಟು ಬಸ್ ಬಿಟ್ಟಿದಾರೆ ಅಂತ ಹೇಳಲ್ಲ. ಇವರ ರಕ್ತದಲ್ಲಿ ಆಮ್ಲಜನಕ ಹೊರೋ ಬಸ್ಸೇ ಕಮ್ಮಿ."

ಯಂತ್ರ ಸುಳ್ಳು ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳ ಮಾತು ಬಿಟ್ಟು, ಯಂತ್ರಕ್ಕೆ ಗೊತ್ತಿಲ್ಲದ ಪ್ರಶ್ನೆಗೆ ಅದರಿಂದ ಉತ್ತರ ತೆಗೆದವನು ನಾನು.

ಈಗ ಟ್ರೇ ಹಿಡಿದು ಹತ್ತುವವನು ನಾನೇ. ಮೊನ್ನೆ ಅರ್ಧಕ್ಕೆ ದಮ್ಮು ಹತ್ತಿ ಕೂತೆ. ಹೆಂಡತಿ ಕೆಳಗಿನಿಂದ ನಿಧಾನವಾಗಿ ಹತ್ತಿ ಬಂದಳು. ಸೆರಗಿನ ಮರೆಯಿಂದ ಕ್ಲಿಪ್ ತೆಗೆದು ನನ್ನ ಬೆರಳಿಗೆ ಹಾಕಿದಳು.

"ತೊಂಬತ್ತೇಳು. ಎದ್ದೇಳಿ, ನಾಟಕ ಸಾಕು."

ಮೇಲಿನಿಂದ ಅಕ್ಕನ ನಗು ಕೇಳಿಸಿತು. ಹೆಂಡತಿ ನಗಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. "ಮಾತಾಡ್ಬೇಡಿ, ಸುಧಾರಿಸ್ಕೊಳ್ಳಿ" ಅಂದು, ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಕಾಫಿ ಆರಿತು.