ದನಿ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿ

1998ರಲ್ಲಿ, ಒಂಬತ್ತನೇ ಇಯತ್ತೆ ಅರ್ಧಕ್ಕೆ ಬಂದಾಗ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅಪ್ಪನ ಸೊಂಟ ಬಿದ್ದಿತ್ತು, ಬೊಬ್ರುವಾಡದ ನಮ್ಮ ಮನೆಗೆ ದುಡಿಯುವ ಇನ್ನೊಂದು ಜೋಡಿ ಕೈ ಬೇಕಿತ್ತು, ನನ್ನವು ಇದ್ದವು. ಕಾರವಾರದ ಒಂದು ಫೋಟೋ ಸ್ಟುಡಿಯೋದಲ್ಲಿ ಪರದೆ ಮಡಚುವ ಕೆಲಸದಿಂದ ಶುರುಮಾಡಿ, ಅಲ್ಲಿಂದ ಸೈಬರ್ ಕೆಫೆಗೆ ಹೋಗಿ, ಬೇರೆಯವರು ಮಾಡಿದ ಪುಟಗಳ ಒಳಗಿನ ಕೋಡ್ ತೆರೆದು ನೋಡುತ್ತ ನೋಡುತ್ತ ವೆಬ್‌ಸೈಟ್ ಕಟ್ಟುವುದನ್ನು ಕಲಿತೆ. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ. ಈಗ ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ ನನ್ನದೇ ಅಂಗಡಿ ಇದೆ. ಬೋರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಇಲ್ಲ. ಒಮ್ಮೆ ಕೆಲಸ ಕೊಟ್ಟವರು ಎರಡನೇ ಸಲವೂ ಮೆಟ್ಟಿಲು ಹತ್ತಿ ಬಂದಿದ್ದಾರೆ, ಅಷ್ಟು ಸಾಕು.

ನನ್ನ ಹೆಚ್ಚಿನ ಕೆಲಸ ಲಾಡ್ಜು, ಶಾಲೆ, ಗೇರುಬೀಜದ ವ್ಯಾಪಾರಿಗಳ ಸಾದಾ ವೆಬ್‌ಸೈಟುಗಳು. ನಡುವೆ ನನಗೆ ಪ್ರೀತಿಯ ಇನ್ನೊಂದು ಬಗೆಯ ಕೆಲಸ ಇದೆ. ನೋಡುವವರು ಊದಿದರೆ ಪುಟದಲ್ಲಿ ದೋಣಿ ಸಾಗುತ್ತದೆ, ಕೈ ಬೀಸಿದರೆ ಹಕ್ಕಿ ಏಳುತ್ತದೆ. ಇದಕ್ಕೆ ಬ್ರೌಸರ್ ನಿಮ್ಮ ಮೊಬೈಲಿನ ಮೈಕ್ ಮತ್ತು ಕ್ಯಾಮೆರಾವನ್ನು ಪುಟಕ್ಕೆ ಬಿಟ್ಟುಕೊಡಬೇಕು. ಅದು ಸುಮ್ಮನೆ ಕೊಡುವುದಿಲ್ಲ. ಪುಟದ ವಿಳಾಸ ಸುರಕ್ಷಿತವಾಗಿರಬೇಕು, ಅಂದರೆ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಬೇಕು. ಆಮೇಲೆ ಒಂದು ಚಿಕ್ಕ ಚೌಕ ಮೂಡಿ ಕೇಳುತ್ತದೆ: ಅಲೋ, ಅಂದರೆ ಒಪ್ಪಿಗೆ, ಅಥವಾ ಬ್ಲಾಕ್, ಅಂದರೆ ಬೇಡ. ಬ್ಲಾಕ್ ಒತ್ತಿದವರನ್ನು ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ತಾವೇ ಬದಲಿಸುವವರೆಗೆ ಆ ಬಾಗಿಲು ಮುಚ್ಚಿದ ಹಾಗೆ.

2023ರ ಮಳೆಗಾಲದಲ್ಲಿ ಅವ್ವಿ, ನನ್ನ ತಾಯಿ, ತೀರಿಕೊಂಡಳು. ಹದಿಮೂರನೇ ದಿನದ ಕಾರ್ಯ ಮುಗಿಸಿ ಮರುದಿನ ಅಂಗಡಿ ತೆರೆದೆ. ಅಳು ಬರಲಿಲ್ಲ, ಹಸಿವೂ ಬರಲಿಲ್ಲ. ಒಂದೇ ಬದಿಗೆ ಮಲಗಿ ಕೈ ಜೋಮು ಹಿಡಿದಾಗ ಅದನ್ನು ಇನ್ನೊಂದು ಕೈಯಿಂದ ಎತ್ತಿ ಇಡಬೇಕಾಗುತ್ತದಲ್ಲ, ಹಾಗೆ ನನ್ನನ್ನು ನಾನೇ ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಕೆಲಸ ಬಂತು, ಮಾಡಿದೆ. ಆ ದಿನಗಳಲ್ಲಿ ಬಂದದ್ದು ಶಾರದಾ.

ಶಾರದಾ ಮಂಜಗುಣಿಯವಳು. ಅಲ್ಲಿ ಒಣಮೀನು ಮಾರುವ ಹೆಂಗಸರ ಗುಂಪೊಂದನ್ನು ನಡೆಸುತ್ತಾಳೆ. ಗುಂಪಿಗೆ ವೆಬ್‌ಸೈಟ್ ಬೇಕು ಎಂದಳು. ಫೋಟೋ, ವಿಳಾಸ, ಫೋನ್ ನಂಬರು ಎಲ್ಲ ಕೊಟ್ಟಾದ ಮೇಲೆ ಎದ್ದು ಹೋಗದೆ ಕುಳಿತಳು. ಅವಳ ಅಪ್ಪ ಬೊಮ್ಮಯ್ಯ ರಂಪಣಿ ತಂಡದ ಕೂಗಾಳು. ರಂಪಣಿ ಎಂದರೆ ದಂಡೆಯಿಂದಲೇ ಎಳೆಯುವ ದೊಡ್ಡ ಬಲೆ. ಎರಡು ತುದಿಯ ಹಗ್ಗಕ್ಕೆ ಹತ್ತಾರು ಜನ ಬೇಕು. ಒಬ್ಬ ‘ಹೋ… ಲೇ’ ಎಂದು ಉದ್ದಕ್ಕೆ ಕೂಗುತ್ತಾನೆ, ಉಳಿದವರು ‘ಐಸಾ’ ಎಂದು ಒಟ್ಟಿಗೆ ಎಳೆಯುತ್ತಾರೆ. ಆ ಒಬ್ಬ ಬೊಮ್ಮಯ್ಯ. ಅವನ ಗಂಟಲಲ್ಲಿ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತಾನೆ, ದಸರೆ ದಾಟಿಸಬೇಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಬೊಮ್ಮಯ್ಯ ಒಪ್ಪುತ್ತಿರಲಿಲ್ಲ.

“ಸಾಯೂಕೆ ಹೆದ್ರಿಕೆ ಇಲ್ಲ ಅಂವಂಗೆ,” ಎಂದಳು ಶಾರದಾ. “ದನಿ ಹೋದ ಮೇಲೆ ಹಗ್ಗದ ಹತ್ರ ನಂಗೆ ಜಾಗ ಇಲ್ಲ ಹೇಳ್ತ. ಅಣ್ಣಾ, ಅಂವನ ಕೂಗಿಗೆ ಜನ ಎಳೆಯೂ ಹಂಗೆ ನಿನ್ನ ಕಂಪ್ಯೂಟರ್‌ಲಿ ಎಂತಾರು ಮಾಡೂಕೆ ಆಗ್ತದಾ?”

ಆಗ್ತದೆ ಎಂದೆ. ಪುಟದಲ್ಲಿ ಬೊಮ್ಮಯ್ಯನ ಕೂಗು ಕೇಳುತ್ತದೆ. ಅದು ನಿಂತ ಬಿಡುವಿನಲ್ಲಿ ನೋಡುವವರು ತಮ್ಮ ಮೈಕಿಗೆ ‘ಐಸಾ’ ಎನ್ನಬೇಕು, ಕ್ಯಾಮೆರಾದ ಮುಂದೆ ಹಗ್ಗ ಎಳೆದಂತೆ ಕೈ ಆಡಿಸಬೇಕು. ಎರಡೂ ಸೇರಿದರೆ ಬಲೆ ಒಂದು ಮೊಳ ದಂಡೆಗೆ ಬರುತ್ತದೆ. ಯಾರ ದನಿಯನ್ನೂ ಮುಖವನ್ನೂ ಉಳಿಸಿಕೊಳ್ಳುವುದಿಲ್ಲ. ಪುಟ ಅಳೆಯುತ್ತದೆ, ಬಿಟ್ಟುಬಿಡುತ್ತದೆ. ಈ ನಿಯಮ ನನ್ನದು, ಯಾರು ಎಷ್ಟು ಕೇಳಿದರೂ ಮುರಿದಿಲ್ಲ.

ಮಂಜಗುಣಿಗೆ ಹೋದಾಗ ಬೊಮ್ಮಯ್ಯ ಅಂಗಳದಲ್ಲಿ ಕುಳಿತು ಬಲೆ ತೇಲಿಸುವ ಬೆಂಡು ಕಟ್ಟುತ್ತಿದ್ದ. ನಾನು ಮಾವ ಎಂದು ಕರೆದೆ, ಲ್ಯಾಪ್‌ಟಾಪ್ ತೆರೆದೆ, ಎಲ್ಲ ವಿವರಿಸಿದೆ. ಪೂರ್ತಿ ಕೇಳಿದ. ಗಂಟಲು ಆಗಲೇ ಮರಳು ಉಜ್ಜಿದ ಹಾಗೆ ಆಗಿತ್ತು.

“ಬೊಬ್ರುವಾಡದವ ಅಲ್ದಾ ನೀನು? ಇದ್ರಲ್ಲಿ ಬಲೆ ಎಳೆದ್ರೆ ಸಾರಿಗೆ ಮೀನು ಎಲ್ಲಿಂದ ತರ್ತೆ ತಮಾ?”

ನೆರೆಮನೆಯ ಹೆಂಗಸರು ನಕ್ಕರು. ಒಂದು ಸಲ ಕೂಗಿ ತೋರಿಸಿ ಎಂದೆ. ಅವನು ತಲೆ ಅಲ್ಲಾಡಿಸಿದ. ರಂಪಣಿಯವರು ಬರಿಗೈಯಲ್ಲಿ ಆ ಕೂಗು ಹಾಕುವುದಿಲ್ಲವಂತೆ. ಕೈಯಲ್ಲಿ ಹಗ್ಗ ಇರಬೇಕು, ಹಗ್ಗಕ್ಕೆ ಭಾರ ಇರಬೇಕು. ಹಾಗೇ, ಹಗ್ಗ ಹಿಡಿದವನು ತಾನೇ ‘ಐಸಾ’ ಎನ್ನಬೇಕು, ಅವನ ಪರವಾಗಿ ಬೇರೆಯವರು ಹೇಳುವಂತಿಲ್ಲ. ಶಾರದಾ ಒಳಗಿನಿಂದ ಹಳೆಯ ಬಲೆಹಗ್ಗ ತಂದು ಅದರ ಒಂದು ತುದಿಯನ್ನು ತೆಂಗಿನ ಮರಕ್ಕೆ ಬಿಗಿದಳು. ಬೊಮ್ಮಯ್ಯ ಎದ್ದು ಇನ್ನೊಂದು ತುದಿ ಹಿಡಿದು, ಹಿಮ್ಮಡಿ ಊರಿ ಹಿಂದಕ್ಕೆ ವಾಲಿ ಕೂಗಿದ.

ಪರದೆಯ ಮೇಲೆ ದನಿಯನ್ನು ತೋರಿಸುವ ಒಂದು ಗೆರೆ ಇತ್ತು. ನಾನು ‘ಹಲೋ’ ಅಂದಾಗ ಕುಣಿದದ್ದು ಅವನು ಕೂಗಿದಾಗ ಶುರುವಿನಲ್ಲಿ ಒಂದು ಸಲ ನಡುಗಿ ಮಲಗಿಬಿಟ್ಟಿತು. ಮತ್ತೆ ಕೂಗಿದ. ಮತ್ತೆ ಮಲಗಿತು.

“ಇದ್ಕೂ ಗೊತ್ತಾಯ್ತು,” ಎಂದು ಹಗ್ಗ ಕೆಳಗಿಟ್ಟ.

ಕಾರಣ ನನಗೆ ಅಲ್ಲೇ ಹೊಳೆಯಿತು. ಬ್ರೌಸರುಗಳನ್ನು ಮಾಡಿದ್ದು ಮಾತಾಡುವವರಿಗಾಗಿ, ಮೀಟಿಂಗಿಗಾಗಿ. ಮೈಕ್ ಕೊಡುವಾಗ ಅವು ತಾವಾಗಿಯೇ ಮೂರು ಕೆಲಸ ಮಾಡುತ್ತವೆ. ಒಂದು, ಸದ್ದು ಅಳಿಸುವುದು. ಫ್ಯಾನು, ಮಳೆ, ಎಂಜಿನ್ನಿನಂತೆ ಒಂದೇ ಸಮನೆ ಎಳೆಯುವ ಸದ್ದು ಬಂದರೆ ಅದು ಮಾತಲ್ಲ ಎಂದು ಒರೆಸಿಬಿಡುತ್ತವೆ. ಇನ್ನೊಂದು, ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೆ ಹೋಗದಂತೆ ತಡೆಯುವುದು. ಮೂರನೆಯದು, ದನಿಯ ಏರಿಳಿತವನ್ನು ಸಮ ಮಾಡುವುದು. ಬೊಮ್ಮಯ್ಯನ ಉದ್ದ ಎಳೆದ ಒಡಕು ಕೂಗು ಬ್ರೌಸರಿಗೆ ಮನುಷ್ಯನ ದನಿ ಎಂದೇ ಅನಿಸಿರಲಿಲ್ಲ. ಕೋಡಿನಲ್ಲಿ ಮೂರನ್ನೂ ‘ಫಾಲ್ಸ್’, ಅಂದರೆ ಬೇಡ, ಎಂದು ಬರೆದು ನಿಲ್ಲಿಸಿ, ಇನ್ನೊಮ್ಮೆ ಹಗ್ಗ ಹಿಡಿಸಿ ಕೂಗಿಸಿದೆ. ತೆಂಗಿನ ಗರಿಯ ಸದ್ದು, ಕೋಳಿ, ಸಮುದ್ರ ಎಲ್ಲವೂ ಒಳಗೆ ಬಂತು. ಅವುಗಳ ಜೊತೆ ಅವನೂ ಬಂದ. ಗೆರೆ ಎದ್ದು ನಿಂತು, ಅವನ ಉಸಿರು ಮುಗಿಯುವವರೆಗೆ ನಿಂತೇ ಇತ್ತು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಪುಟ ತೆರೆಯುವಾಗ ಮೂಡಿದ ಆ ಚೌಕ ಏನು ಎಂದು ಕೇಳಿದ. ನಿಮ್ಮ ಒಪ್ಪಿಗೆ ಇಲ್ಲದೆ ಮೈಕ್ ತೆರೆಯುವಂತಿಲ್ಲ, ಅದಕ್ಕೆ ಕೇಳುತ್ತದೆ ಎಂದೆ.

“ಡಾಕ್ಟ್ರೂ ಒಂದು ಕಾಗದ ಇಟ್ಟು ಕೇಳಿದ್ರು. ಇದ್ರಲ್ಲಿ ಒಪ್ಪಿದ ಮೇಲೆ ಬೇಡ ಹೇಳೂಕೆ ಆಗ್ತದಾ?”

“ಆಗ್ತದೆ ಮಾವ. ಯಾವಾಗ ಬೇಕಾದ್ರೂ.”

“ಅದ್ರಲ್ಲಿ ಆಗೂದಿಲ್ಲ.”

ಸುಳ್ಳು ಸಮಾಧಾನ ಹೇಳುವ ಶಕ್ತಿ ನನಗೆ ಆ ದಿನಗಳಲ್ಲಿ ಇರಲಿಲ್ಲ.

ಮಳೆ ಇಳಿದು ರಂಪಣಿ ಶುರುವಾದಾಗ ದಂಡೆಯಲ್ಲೇ ಅವನ ಕೂಗನ್ನು ರೆಕಾರ್ಡ್ ಮಾಡಿಕೊಂಡೆ. ಇದು ಪುಟಕ್ಕೆ ಬೇಕಾದ ದನಿ, ಅವನು ಕೇಳಿ ಒಪ್ಪಿ ಕೊಟ್ಟದ್ದು. ಗಾಳಿ ಹೊಡೆಯದಿರಲಿ ಎಂದು ಮೈಕಿಗೆ ಉಣ್ಣೆ ಟೊಪ್ಪಿಯ ತುಂಡು ಸುತ್ತಿ ಅವನ ಅಂಗಿಗೆ ಸಿಕ್ಕಿಸಿದ್ದೆ. ಬಲೆ ದಂಡೆಗೆ ಬರುವವರೆಗೂ ಕೂಗಿದ. ಕೊನೆಕೊನೆಗೆ ದನಿಯ ಅರ್ಧ ಗಾಳಿಯಾಗಿ ಹೋಗುತ್ತಿತ್ತು. ತಂಡದವರು ಅದಕ್ಕೂ ‘ಐಸಾ’ ಎಂದು ಎಳೆದರು.

ಪುಟ ಕಟ್ಟಿ, ಮೊದಲು ಒಣಮೀನಿನ ಶೆಡ್ಡಿನಲ್ಲಿ ಹೆಂಗಸರ ಎದುರು ಇಟ್ಟೆ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತ ‘ಐಸಾ’ ಎಂದರು. ಎರಡನೇ ಸಲ ನಗು ಕಡಿಮೆಯಾಯಿತು, ಮೂರನೇ ಸಲ ನಿಜವಾಗಿ ಎಳೆದರು. ಹೊಸ್ತಿಲಲ್ಲಿ ಕುಳಿತಿದ್ದ ಬೊಮ್ಮಯ್ಯ ಕೇಳಿಸಿಕೊಂಡು, ಎರಡು ಕೂಗಿನ ನಡುವೆ ಬಿಡುವು ಸಾಲದು, ಹೀಗೆ ಎಳೆಸಿದರೆ ಬಲೆ ಹರಿಯುತ್ತದೆ ಎಂದು ನನ್ನನ್ನು ಬೈದ. ಬಿಡುವು ಹೆಚ್ಚಿಸಿದೆ. ಮರುವಾರ ಅವನು ಮಂಗಳೂರಿಗೆ ಹೋಗಿ ಆ ಕಾಗದಕ್ಕೆ ಸಹಿ ಹಾಕಿದನೆಂದು ಶಾರದಾ ಫೋನಿನಲ್ಲಿ ಹೇಳಿದಳು. ಹೌದಾ ಎಂದೆ. ಖುಷಿಯಾಗಬೇಕಿತ್ತು. ಫೋನ್ ಇಟ್ಟು ಬೇರೆ ಕೆಲಸ ತೆಗೆದೆ.

ಅವನು ಆಸ್ಪತ್ರೆಯಲ್ಲಿದ್ದಾಗ ಪುಟದ ಕೊಂಡಿಯನ್ನು ಶಾರದಾ ಅರ್ಗಾದ ತನ್ನ ನೆಂಟರಿಗೆಲ್ಲ ಕಳಿಸಿದಳು. ಒಬ್ಬರಿಗೂ ಬಲೆ ಬರಲಿಲ್ಲ. ಕಾರವಾರದಿಂದ ಬರುವಾಗ ಅರ್ಗಾದಲ್ಲಿ ಇಳಿದು ಅವರ ಮೊಬೈಲ್ ನೋಡಿದೆ. ಎಲ್ಲರೂ ಕ್ಯಾಮೆರಾಕ್ಕೆ ಬ್ಲಾಕ್ ಒತ್ತಿದ್ದರು. ಮನೆಯ ಬೇಲಿಯಾಚೆ ನೌಕಾನೆಲೆ. ಫೋಟೋ ತೆಗೆಯಬಾರದು ಎಂಬ ಬೋರ್ಡು ನೋಡುತ್ತಲೇ ಬೆಳೆದವರು, ಒಳಗೆ ಗುತ್ತಿಗೆ ಕೆಲಸಕ್ಕೆ ಹೋಗುವವರು. ಕ್ಯಾಮೆರಾ ಎಂಬ ಶಬ್ದ ಕಂಡರೆ ಬೆರಳು ತಾನಾಗಿ ಬೇಡ ಎನ್ನುತ್ತದೆ. ಶಾರದಾಳ ಚಿಕ್ಕಮ್ಮ ಹೇಳಿದ್ದು ಇಷ್ಟೆ: “ಕ್ಯಾಮ್ರಾ ಕೇಳ್ತು, ನಾವು ಬ್ಯಾಡ ಅಂದ್ವು. ಇನ್ನೆಂತ ಹೇಳೂದು?”

ಅವರದು ತಪ್ಪಲ್ಲ. ಅಂಗಡಿಗೆ ಬಂದು ಕ್ಯಾಮೆರಾ ಭಾಗವನ್ನು ತೆಗೆದೆ. ಅಳಿಸಲಿಲ್ಲ. ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದರೆ ಬ್ರೌಸರ್ ಅದನ್ನು ಓದುವುದಿಲ್ಲ, ಕೋಡು ಮಾತ್ರ ಅಲ್ಲೇ ಇರುತ್ತದೆ. ಇನ್ನು ದನಿ ಒಂದೇ ಸಾಕು. ಅರ್ಗಾದಲ್ಲಿ ಬಲೆ ಬಂತು. ಕೆಲಸ ಮುಗಿಯಿತು ಎಂದುಕೊಂಡೆ.

ಬೊಮ್ಮಯ್ಯ ಊರಿಗೆ ಬಂದ ಮೇಲೆ ಶೆಡ್ಡಿನಲ್ಲೇ ವೆಬ್‌ಸೈಟಿನ ಉದ್ಘಾಟನೆ ಇಟ್ಟುಕೊಂಡರು. ಹೆಂಗಸರ ಗುಂಪು, ರಂಪಣಿ ತಂಡದ ಕೆಲವರು, ಚಹಾ, ಅವಲಕ್ಕಿ. ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅವನು ಬಂದ. ತೂಕ ಇಳಿದಿತ್ತು. ಹಳೆಯ ಹಗ್ಗವನ್ನು ಶೆಡ್ಡಿನ ಕಂಬಕ್ಕೆ ಕಟ್ಟಿದ್ದರು. ಮೊದಲು ನೀನೇ ಎಳೆ ಎಂದು ತಂಡದವರೇ ಅವನಿಗೆ ತುದಿ ಕೊಟ್ಟರು. ನಾನು ಪುಟ ತೆರೆದೆ. ಅವನ ಹಳೆಯ ದನಿ ಶೆಡ್ಡಿನ ತುಂಬ ಕೂಗಿತು. ಅವನು ಹಿಮ್ಮಡಿ ಊರಿ ಎಳೆದ.

ಬಲೆ ಅಲುಗಲಿಲ್ಲ. ಪರದೆಯ ಮೇಲೆ ನಾನೇ ಬರೆದ ಸಾಲು ದಪ್ಪ ಅಕ್ಷರದಲ್ಲಿ ಬಂತು: ದನಿ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿ.

ಅವನು ತಡೆದು ತಡೆದು ಓದಬಲ್ಲವನು. ಓದಿದ. ಕೂಗು ಮತ್ತೆ ಬಂತು, ಮತ್ತೆ ಎಳೆದ. ಅದೇ ಸಾಲು ಮತ್ತೆ ಬಂತು. ಶಾರದಾ ತಾನೇ ‘ಐಸಾ’ ಎನ್ನಲು ಮುಂದೆ ಬಂದಳು. ಅವನು ಅಂಗೈ ಎತ್ತಿ ಅವಳನ್ನು ತಡೆದ. ಹಗ್ಗ ಹಿಡಿದವನು ತಾನೇ ಹೇಳಬೇಕು. ಮೂರನೇ ಸಲ ಆ ಸಾಲು ಬಂದಾಗ ಹಗ್ಗವನ್ನು ನೆಲದ ಮೇಲೆ ಇಟ್ಟ. ಎಸೆಯಲಿಲ್ಲ, ಸುರುಳಿ ಸುತ್ತಿ ಇಟ್ಟ.

ಆ ಹೊತ್ತಿಗೆ ನನಗೆ ಏನೂ ಅನಿಸಲಿಲ್ಲ. ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. ಕೈಗಳು ತಾವಾಗಿ ಕೀಲಿಮಣೆಗೆ ಹೋದವು. ಲ್ಯಾಪ್‌ಟಾಪಿನಲ್ಲೇ ಕೋಡು ತೆರೆದು, ಮಲಗಿಸಿದ್ದ ಕ್ಯಾಮೆರಾ ಸಾಲುಗಳ ಮುಂದಿನ ಓರೆಗೆರೆಗಳನ್ನು ತೆಗೆದೆ. ‘ದನಿ ಮತ್ತು ಕೈ’ ಎಂದು ಮೊದಲು ಬರೆದಿದ್ದ ಕಡೆ ‘ದನಿ ಅಥವಾ ಕೈ’ ಎಂದು ಬದಲಿಸಿದೆ. ಆ ದಪ್ಪ ಸಾಲನ್ನು ಪೂರ್ತಿ ಅಳಿಸಿದೆ. ಜನ ಕಾದರು. ಪುಟವನ್ನು ಮತ್ತೆ ತೆರೆದಾಗ ಕ್ಯಾಮೆರಾಕ್ಕಾಗಿ ಆ ಚೌಕ ಮೂಡಿತು. ರೂಢಿಯಂತೆ ನಾನೇ ಒತ್ತಲು ಕೈ ಚಾಚಿದೆ. ಬೊಮ್ಮಯ್ಯ ನನ್ನ ಮಣಿಕಟ್ಟು ಹಿಡಿದು ಬದಿಗೆ ಸರಿಸಿ, ಮೌಸಿನ ಮೇಲೆ ತನ್ನ ಕೈ ಇಟ್ಟು, ಬಾಣವನ್ನು ನಿಧಾನಕ್ಕೆ ಒಯ್ದು, ಅಲೋ ಎಂಬುದನ್ನು ತಾನೇ ಒತ್ತಿದ.

ಕ್ಯಾಮೆರಾದ ಪಕ್ಕದ ಸಣ್ಣ ದೀಪ ಹತ್ತಿತು. ಕೂಗು ಬಂತು. ಅವನು ಎಳೆದ. ಬಲೆ ಒಂದು ಮೊಳ ಬಂತು. ತಂಡದವರು ತಮ್ಮ ತಮ್ಮ ಜಾಗದಲ್ಲಿ ನಿಂತೇ ನೋಡಿದರು. ಇನ್ನೊಂದು ಮೊಳ ಬಂತು. ಅವರಲ್ಲಿ ಒಬ್ಬ ಲೋಟ ಕೆಳಗಿಟ್ಟು ಹೋಗಿ ಅವನ ಹಿಂದೆ ಹಗ್ಗ ಹಿಡಿದ, ಆಮೇಲೆ ಇನ್ನಿಬ್ಬರು. ಬಲೆ ದಂಡೆ ಸೇರಿ ಪರದೆಯ ತುಂಬ ಮೀನು ಮಿಂಚಿದವು. ಬೊಮ್ಮಯ್ಯ ನಗಲಿಲ್ಲ. ನನ್ನನ್ನು ಕೈಸನ್ನೆಯಿಂದ ಕರೆದು, ಪರದೆಯ ಕೊನೆಯನ್ನು ತೋರಿಸಿ, ಹಗ್ಗವನ್ನು ಇಷ್ಟಿಷ್ಟೇ, ಬಹಳ ಕಷ್ಟದಿಂದ ಎಂಬಂತೆ ಎಳೆದು ತೋರಿಸಿದ. ಕೊನೆಯ ಮೊಳಗಳಲ್ಲಿ ಬಲೆ ಭಾರ ಇರುತ್ತದೆ, ನೀನು ಹಗುರ ಮಾಡಿದ್ದೀಯ ಎಂದು. ಅದೇ ಸಂಜೆ ಸರಿ ಮಾಡಿ ಹಾಕಿದೆ. ಪುಟದಿಂದ ಹೊರಬಂದ ಕೂಡಲೇ ಆ ದೀಪ ಆರುತ್ತದೋ ಇಲ್ಲವೋ ಎಂದೂ ನೋಡಿಕೊಂಡೆ. ಆರುತ್ತದೆ.

ಈ ಕೆಲಸ ನನಗೆ ಕಲಿಸಿದ್ದನ್ನು ವೆಬ್‌ಸೈಟ್ ಕಟ್ಟುವ ಈಗಿನವರಿಗೆ ಹೀಗೆ ಹೇಳುತ್ತೇನೆ. ಮೈಕ್ ಕೇಳಿ, ಕ್ಯಾಮೆರಾ ಕೇಳಿ, ಯಾಕೆ ಬೇಕು ಎಂದು ಹೇಳಿ ಕೇಳಿ. ಆದರೆ ಬೇಡ ಎಂದವರಿಗೂ, ಕೊಡಲು ಆಗದವರಿಗೂ ಹಗ್ಗದ ಒಂದು ತುದಿ ಇರಬೇಕು. ಅದಿಲ್ಲದಿದ್ದರೆ, ಯಾರಿಗಾಗಿ ಪುಟ ಕಟ್ಟಿದಿರೋ ಅವರನ್ನೇ ಅದು ಹೊರಗೆ ನಿಲ್ಲಿಸುತ್ತದೆ.

ಈಗ ನನ್ನ ಹತ್ತಿರ ಒಂದು ಅಂಗಡಿ ಇದೆ, ಎರಡು ಕಂಪ್ಯೂಟರ್, ಒಂದು ಲ್ಯಾಪ್‌ಟಾಪ್, ಎರಡು ಮೈಕ್. ಎಂಟನೇ ಇಯತ್ತೆ ಪಾಸಾದ ಒಂದು ಅಂಕಪಟ್ಟಿ. ಕಿಟಕಿಯ ಸರಳಿಗೆ ಕಟ್ಟಿದ ಒಂದು ಮಾರು ಬಲೆಹಗ್ಗ, ಬೊಮ್ಮಯ್ಯ ಕೊಟ್ಟದ್ದು. ಅವನ ಕೂಗಿನ ಒಂದು ಫೈಲು, ಅದರ ಎರಡು ನಕಲು. ಅವ್ವಿಯ ಫೋಟೋ ನಾಲ್ಕು. ಅವಳ ದನಿ ಒಂದೂ ಇಲ್ಲ.